ಹೇತಲ್‌ಬೆನ್ ಎದೆಯ ಮೇಲೆ

ವಡೋದರಾ, ೧೨ ಆಗಸ್ಟ್ ೨೦೨೫, ಮಂಗಳವಾರ

ನಮ್ಮ ವಾರ್ಡಿನ ಹೇತಲ್‌ಬೆನ್ ಮಗು ಇವತ್ತು ಮಧ್ಯಾಹ್ನ ಹೋಗಿಬಿಟ್ಟಿತು. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಎದೆಗೆ ಅವಚಿಕೊಂಡು ಬೆಚ್ಚಗಿಡುವುದನ್ನು ಅವಳಿಗೆ ಕಲಿಸಿದ್ದು ನಾನೇ. ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಹಸುಗೂಸುಗಳ ಆರೈಕೆಯನ್ನೇ ಹಟ ಹಿಡಿದು ಆರಿಸಿಕೊಂಡವಳೂ ನಾನೇ.

ಮಗುವಿನ ಮೈಯಿಂದ ನಳಿಕೆಗಳನ್ನು ತೆಗೆಯುತ್ತಿದ್ದಾಗ, ಇನ್ನೊಂದೇ ಸಲ ಎದೆಗೆ ಹಾಕಿಕೊಳ್ಳಲಾ ಎಂದು ಕೇಳಿದಳು. ಪರದೆ ಎಳೆದು, ಮಗುವನ್ನು ಒರೆಸಿ, ಟೊಪ್ಪಿ ಹಾಕಿ ಕೊಟ್ಟೆ. ಕಲಿಸಿದ ಹಾಗೆಯೇ ಅದರ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿದಳು. ಉಸಿರಾಡಲು ತೊಂದರೆಯಾಗದಂತೆ ಮೂಗಿನ ಮೇಲಿದ್ದ ಬಟ್ಟೆ ಸರಿಸಿದಳು.

"ಬರಾಬರ್ ಛೇ ನೆ, ಸಿಸ್ಟರ್?" ಸರಿಯಾಗಿದೆ ತಾನೇ ಎಂದು ಕೇಳಿ ನನ್ನ ಮುಖ ನೋಡಿದಳು.

"ಬರಾಬರ್ ಛೇ," ಅಂದೆ.

ರಾತ್ರಿ ಅಪ್ಪ ಮಂಜಲ್‌ಪುರದ ನಮ್ಮ ಹೋಟೆಲು ಮುಚ್ಚಿ ಮನೆಗೆ ಬಂದವರು ಎಂದಿನಂತೆ, "ಇವತ್ತು ಎಂತ ಕಲಿತದ್ದು ಮಗಾ?" ಎಂದು ಕೇಳಿದರು.

"ಎಂತದೂ ಇಲ್ಲ ಅಪ್ಪ, ನಿದ್ದೆ ಬರ್ತದೆ," ಅಂದೆ. ನಿದ್ದೆ ಎಲ್ಲಿಯದು?

ನಾಳೆ ಬೆಳಿಗ್ಗೆ ಪಕ್ಕದ ಹಾಸಿಗೆಯ ತಾಯಿಗೆ ಇದನ್ನೇ ಕಲಿಸಬೇಕು. ಹತ್ತೊಂಬತ್ತರ ಹುಡುಗಿ, ಚೊಚ್ಚಲ ಕೂಸು. ಪರದೆಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಅವಳ ಎದೆಯ ಮೇಲೆ ಮಗುವನ್ನು ಇಡುವಾಗ ಅವಳೂ ಬರಾಬರ್ ಛೇ ನೆ ಎಂದು ಕೇಳಿದರೆ, ಕೂಸಿನ ಉಸಿರು ಏರಿಳಿಯುವುದನ್ನು ನೋಡಿಯೇ ಹೇಳುತ್ತೇನೆ.