ನಾಲ್ಕನೇ ನಂಬರಿನ ಇಸ್ತ್ರಿಪೆಟ್ಟಿಗೆ

ಸೊಸುವಾ,
ಮಾರ್ಚ್ ೧೯, ಮಂಗಳವಾರ

ನನ್ನ ಮಗಳ ಧರ್ಮತಾಯಿ, ಪ್ರೀತಿಯ ಕೊಮಾದ್ರೆ ಬ್ರಿಸೇಡಾ ಅವರಿಗೆ,

ದೇವರು ನಿಮ್ಮನ್ನೂ ನಿಮ್ಮ ತಾಯಿಯವರನ್ನೂ ಚೆನ್ನಾಗಿಟ್ಟಿರಲಿ. ನೀವು ಕಳಿಸಿದ ಕೆಂಪು ಕಾಳಿನ ಪಾಯಸ ಭಾನುವಾರ ತಲುಪಿತು. ಮೋಕಾದಿಂದ ಬರುವ ವ್ಯಾನಿನ ಡ್ರೈವರು ಡಬ್ಬಿ ಕೈಗಿಡುತ್ತಾ, ನಿಮ್ಮ ಕೊಮಾದ್ರೆ ಕೆಲಸ ಹೋದ್ರೂ ಕೈ ಬಿಗಿ ಮಾಡಿಲ್ಲ ನೋಡಿ, ಗೆಣಸು ಎಷ್ಟು ಸುರಿದಿದ್ದಾರೆ ಅಂತ ಹಲ್ಲು ಕಿರಿದ. ಯಾಜೈರಾ ಮೂರು ಬಟ್ಟಲು ತಿಂದು, ನಮ್ಮ ಧರ್ಮತಾಯಿ ಯಾವಾಗ ಬರ್ತಾರೆ ಅಂತ ಕೇಳಿದಳು. ನಾನು ಮಾತ್ರ ನನ್ನ ಪಾಲನ್ನೂ ಅವಳ ಬಟ್ಟಲಿಗೇ ಸುರಿದೆ.

ಡಬ್ಬಿಯ ಜೊತೆ ನಿಮ್ಮ ಚೀಟಿ ಇತ್ತಲ್ಲ. ಗುರುವಾರ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ, ಮದುವಣಗಿತ್ತಿಯ ಗೌನು ಸುಟ್ಟ ಹೊತ್ತಿನಲ್ಲಿ ಬ್ರಿಸೇಡಾ ಅಂಗಳದಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು ಅಂತ ಎರಡು ಸಾಲು ಬರೆದುಕೊಡಿ, ಅಷ್ಟಾದರೆ ಕೆಲಸ ವಾಪಸ್ ಸಿಕ್ಕೀತು ಅಂದಿದ್ದೀರಿ. ಹದಿನೈದು ದಿನದಲ್ಲಿ ಎರಡನೇ ಸಲ ಕೇಳಿದ್ದೀರಿ. ಮೊದಲ ಚೀಟಿ ತಲುಪಲಿಲ್ಲವೇನೋ ಅಂತ ಪಾಪ ನೀವೇ ಬರೆದಿದ್ದೀರಿ. ತಲುಪಿತ್ತು ಕೊಮಾದ್ರೆ.

ಗೌನು ಸುಟ್ಟ ಬಗ್ಗೆ ವಿಮೆಯವರಿಗೆ ಹೋಗಿ ನಿಮ್ಮ ಕೆಲಸ ಕಳೆದ ಆ ವರದಿ ಬರೆದದ್ದು ನಾನೇ ಅಂತ ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ. ಇಸ್ತ್ರಿಮನೆಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಹೋಗುವವಳು ನಾನೊಬ್ಬಳೇ. ನಮ್ಮ ಮೇಲ್ವಿಚಾರಕರು ದೊನ್ ರದಮೇಸ್ ಫಾರಂ ತಂದು ಮೇಜಿನ ಮೇಲೆ ಬಡಿದು, ಪಂಡಿತಮ್ಮಾ, ಆ ವಿಮೆಯವರಿಗೆ ಇಂಗ್ಲಿಷಲ್ಲೇ ಬೇಕಂತೆ, ಸಂಜೆಯೊಳಗೆ ಬರೆದುಕೊಡು ಅಂದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು.

ಆ ಶನಿವಾರವಷ್ಟೇ ಚರ್ಚಿನ ಹಜಾರದಲ್ಲಿ ಟೀಚರ್ ಇಸ್ಮೇನಿಯಾ ಕರ್ಮಣಿ ಪ್ರಯೋಗ ಅಂತ ಒಂದು ಪಾಠ ಮಾಡಿದ್ದರು. ಏನು ನಡೆಯಿತೋ ಅದು ಮುಂದೆ ಬರಬೇಕಂತೆ. ಮಾಡಿದವರು ವಾಕ್ಯದ ಬಾಲದಲ್ಲಿ. ಯಾರು ಮಾಡಿದರೋ ಗೊತ್ತಿಲ್ಲದಿದ್ದರೆ, ಗೊತ್ತಿದ್ದೂ ಮುಖ್ಯವಲ್ಲದಿದ್ದರೆ, ಆ ಬಾಲವನ್ನೇ ಕತ್ತರಿಸಿಬಿಡಬಹುದಂತೆ. ಚೀಸ್ ತಿನ್ನಲಾಯಿತು, ಬಾಗಿಲು ಮುರಿಯಲಾಯಿತು ಅಂತ ಹಲಗೆಯ ಮೇಲೆ ಬರೆದರು. ಹಿಂದಿನ ಬೆಂಚಿನ ಮೀನುಗಾರ ಎದ್ದು, ಟೀಚರೇ, ಇದನ್ನ ನಮ್ಮ ಮಂತ್ರಿಗಳು ಕಂಡುಹಿಡಿದದ್ದಾ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಮಾತಿನಲ್ಲೂ ತಟ್ಟೆಯನ್ನು ನಾವೆಲ್ಲಿ ಒಡೆಯುತ್ತೇವೆ, ಅದೇ ಕೈಜಾರಿ ಒಡೆದುಹೋಗುತ್ತದಲ್ಲ.

ಹಾಗೇ ಬರೆದೆ. ಗೌನು ಸುಡಲ್ಪಟ್ಟಿತು. ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ಬಿಡಲ್ಪಟ್ಟಿತ್ತು. ಹೆಸರೇ ಇಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡೆ, ನನ್ನ ತಲೆಗಿಷ್ಟು! ಕೆಳಗೆ ಒಂದು ಚೌಕವಿತ್ತು, ಪೆಟ್ಟಿಗೆಯ ನಂಬರು ಬೇಕು ಅಂತ. ಪೆಟ್ಟಿಗೆಯ ತಂತಿಯ ಮೇಲಿದ್ದ ನಂಬರು ನೋಡಿ ನಾಲ್ಕು ಅಂತ ತುಂಬಿಸಿದೆ. ಅಲ್ಲಿಗೆ ನಿಮ್ಮ ಹೆಸರೇ ಬರೆದ ಹಾಗಾಯಿತು. ನಮ್ಮಲ್ಲಿ ಒಬ್ಬರ ಪೆಟ್ಟಿಗೆ ಇನ್ನೊಬ್ಬರು ಮುಟ್ಟುವುದುಂಟೇ? ಅದರ ಬಿಸಿ ಅವರವರ ಕೈಗೇ ಗೊತ್ತು, ಪರರ ಪೆಟ್ಟಿಗೆ ಪರರ ಗಂಡನಿದ್ದ ಹಾಗೆ ಅಂತ ಹೊಸಬರಿಗೆ ಹೇಳಿಕೊಟ್ಟು ನಗಿಸುತ್ತಿದ್ದವರು ನೀವೇ. ಸಂಜೆಯ ಹೊತ್ತಿಗೆ ನಿಮ್ಮ ಏಪ್ರನ್ ಬಿಚ್ಚಿಸಿದರು. ನೀವು ಗೇಟಿನ ಹತ್ತಿರ ತಿರುಗಿ ನೋಡಿದಾಗ ನಾನು ತಲೆಬಗ್ಗಿಸಿ ದಿಂಬಿನ ಚೀಲ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಮತ್ತೆ ಮತ್ತೆ ಮಡಿಸಿದೆ.

ಮರುದಿನ ದೊನ್ ರದಮೇಸ್ ಹತ್ತಿರ ಹೋಗಿ, ಆ ವರದಿ ಸರಿಯಿಲ್ಲ, ಇನ್ನೊಂದು ಬರೀತೀನಿ ಅಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಕಡತ ಮುಚ್ಚಲಾಗಿದೆ ತಾಯಿ, ವ್ಯಾಕರಣ ನಿನ್ನ ಕ್ಲಾಸಲ್ಲಿ ತಿದ್ದಿಕೋ ಅಂದರು. ಮುಚ್ಚಿದವರು ಯಾರು ಅಂತ ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಯಾಜೈರಾಳಿಗೆ ನಾನು ಬಿಟ್ಟರೆ ಯಾರಿದ್ದಾರೆ? ಕೆಲಸ ಹೋದರೆ ಈ ಕೋಣೆಯೂ ಹೋಗುತ್ತದೆ. ಇದೆಲ್ಲ ನಿಮಗೂ ಇದೆ, ಕಾಯಿಲೆಯ ತಾಯಿ ಬೇರೆ ಇದ್ದಾರೆ. ಅದು ಗೊತ್ತಿದ್ದೂ ನನ್ನದನ್ನೇ ಹೇಳಿಕೊಳ್ಳುತ್ತಿದ್ದೇನೆ. ಏನು ಮಾಡಲಿ ಕೊಮಾದ್ರೆ, ಎತ್ತ ಹೊರಳಿದರೂ ಯಾರಾದರೊಬ್ಬರ ಮೇಲೆ ಬೀಳುತ್ತೇನೆ.

ತಾಯಿಯವರ ಕಾಲೂತ ಇಳಿಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡಿಸಿ.

ನಿಮ್ಮ ಮುಖ ನೋಡಲಾರದ,
ಓನೇಲಿಯಾ

ತಾ.ಕ.: ಡಬ್ಬಿ ಖಾಲಿ ಕಳಿಸಬಾರದು ಅಂತ ಕಸಾವಾ ರೊಟ್ಟಿ ಇಟ್ಟಿದ್ದೇನೆ. ರೊಟ್ಟಿಯ ಕೆಳಗೆ ಸಹಿ ಹಾಕಿದ ಕಾಗದವಿದೆ, ಗುರುವಾರ ಕಚೇರಿಯಲ್ಲಿ ಅದನ್ನು ಕೊಡಿ. ಬ್ರಿಸೇಡಾ ಅಂಗಳದಲ್ಲಿದ್ದಾಗ ನನ್ನ ಪೆಟ್ಟಿಗೆ ಬಿಸಿಯಾಗಲಿಲ್ಲ ಅಂತ ಕೇಳದೆ ಅವರದನ್ನು ತೆಗೆದುಕೊಂಡೆ, ಆ ಗೌನನ್ನು ಸುಟ್ಟವಳು ನಾನು ಅಂತ ಬರೆದಿದ್ದೇನೆ. ಆರು ಸಲ ಬರೆದು ಹರಿದೆ, ಇದು ಏಳನೆಯದು. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಮನಸ್ಸು ತಿರುಗುವ ಮುಂಚೆ ಕೊಟ್ಟುಬಿಡುತ್ತೇನೆ. ನನ್ನನ್ನು ಏನು ಬೇಕಾದರೂ ಅನ್ನಿ. ಯಾಜೈರಾಳನ್ನು ಮಾತ್ರ ನಿಮ್ಮ ಮಗಳಲ್ಲ ಅನ್ನಬೇಡಿ.