ಸಂಜೆಗೇ ಮನೆ ಸೇರಿದ ಕಲ್ಲವ್ವ

ಗದಗ, ಫೆಬ್ರುವರಿ ೩೧, ೨೨೧೪

ಹೃದಯದ ವಾರ್ಡಿನಲ್ಲಿ ದುಡಿಯುವ ಹಿಂದಿನ ಕಾಲದ ಅಕ್ಕಂದಿರಿಗೆ, ನಿಮ್ಮಂತೆಯೇ ನರ್ಸಾಗಿರುವ ಚನ್ನಬಸವ್ವನ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಆ ಬಡಪಾಯಿ ತಿಂಗಳಿಗೂ ಪೂರಾ ದಿನ ಸಿಕ್ಕಿವೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಣಿಕಟ್ಟಿನಿಂದ ಹೃದಯಕ್ಕೆ ಸಣ್ಣ ನಳಿಕೆ ಕಳಿಸಿ ನೋಡುವುದಕ್ಕೆ ನೀವು ಆಂಜಿಯೋಗ್ರಾಂ ಎನ್ನುತ್ತೀರಿ. ಅದನ್ನು ಮಾಡಿ ಅಂದೇ ಮನೆಗೆ ಕಳುಹಿಸುವ ಜಾಗಕ್ಕೆ ನಾವು ಹಗಲುಮನೆ ಎನ್ನುತ್ತೇವೆ. ಕಿಡ್ನಿ ಸೋತವರನ್ನು, ಎದೆನೋವು ನಿಲ್ಲದವರನ್ನು ಇಂದಿಗೂ ಉಳಿಸಿಕೊಳ್ಳುತ್ತೇವೆ. ಧೈರ್ಯ ಬೇರೆ, ಹುಂಬತನ ಬೇರೆ. ಹೋಗುವವರ ಜೊತೆ ಒಬ್ಬ ಬೆರಳಾಳು ಇರಲೇಬೇಕು. ಅಂದರೆ, ಗಾಯದಿಂದ ರಕ್ತ ಬಂದರೆ ಹೆಬ್ಬೆರಳಿಟ್ಟು ಒತ್ತಿ ಹಿಡಿಯಬಲ್ಲ ಮನೆಯವರು. ಮೊದಲು ನನ್ನ ಕೈಯನ್ನೇ ಹದಿನೈದು ನಿಮಿಷ ಅಲುಗದೆ ಒತ್ತಿ ತೋರಿಸಬೇಕು. ಡಾಕ್ಟರು ಸಹಿ ಹಾಕುವುದು ಆಮೇಲೆ.

ಹೋದ ವಾರ ಅರವತ್ತೆಂಟರ ಕಲ್ಲವ್ವ ಬಂದರು. ಮರುದಿನವೇ ಬಸುರಿ ಮಗಳ ಕುಬಸ, ಅಂದರೆ ಸೀಮಂತ. “ನಾಳೆ ಮಗಳ ಉಡಿ ನಾನ ತುಂಬಬೇಕವಾ. ರಾತ್ರಿ ಇಲ್ಲೇ ಇಟ್ಕೊಳ್ಳೂದಾದ್ರ ನಾ ಮಾಡಿಸ್ಕೊಳ್ಳೂದೇ ಇಲ್ಲ” ಎಂದು ಹಟ ಹಿಡಿದರು. ನಡೆದರೆ ಎದೆ ಹಿಡಿದುಕೊಳ್ಳುವುದನ್ನು ಮೂರು ತಿಂಗಳಿಂದ ಮುಚ್ಚಿಟ್ಟವರು, ಮಾಡಿಸಿಕೊಳ್ಳದೆ ಮನೆಗೆ ಹೋದರೆ ಮತ್ತೆ ಬರುವವರಲ್ಲ. ಗಂಡ ಸಂಗಪ್ಪ ಬೆರಳಾಳಾಗಿ ಪಾಸಾದರು. ನನ್ನ ಕೈ ಜೋಮು ಹಿಡಿಯಿತು. ಎಲ್ಲ ಸುಸೂತ್ರವಾಗಿ ಮುಗಿದು ನಾಲ್ಕಕ್ಕೆ ಹೊರಟರು.

ಮನೆಯಲ್ಲಿ ಬೀಗರು ಬಂದು ಕೂತಿದ್ದರು. ಬೀಗರ ಮುಂದೆ ಕೈಕಟ್ಟಿ ಕೂರುವ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಲ್ಲವ್ವ ಅಡುಗೆಮನೆಗೆ ನುಸುಳಿ ಜೋಳದ ರೊಟ್ಟಿ ಬಡಿಯಲು ಕೂತರು, ಅದೂ ಗಾಯದ ಕೈಯಲ್ಲೇ! ಎರಡನೆಯ ರೊಟ್ಟಿಗೆ ಪಟ್ಟಿ ಕೆಂಪಾಯಿತು. ಸಂಗಪ್ಪ ಓಡಿಹೋಗಿ ಹೆಬ್ಬೆರಳು ಒತ್ತಿದರು, ಮಗಳು ನನಗೆ ಕರೆ ಮಾಡಿದಳು. ಎರಡು ಓಣಿ ಆಚೆಗಿದ್ದ ಅವರ ಮನೆಗೆ ಓಡಿದೆ.

ನಾನು ತಲುಪಿದಾಗ ರಕ್ತ ನಿಂತಿತ್ತು. ಸಂಗಪ್ಪ ಮಾತ್ರ ಬೆರಳು ತೆಗೆದಿರಲಿಲ್ಲ. “ಹದಿನೈದ ಮಿನಿಟ ಅಂದಿದ್ರಿ, ಇನ್ನ ಎರಡ ಅದಾವ್ರಿ” ಎಂದರು. ಅಷ್ಟರಲ್ಲಿ ಬೀಗರ ಗಂಡಸರೇ ರೊಟ್ಟಿ ಬಡಿಯಲು ಕೂತಿದ್ದರು, ಒಂದೂ ದುಂಡಗಿರಲಿಲ್ಲ. ನಕ್ಕು ನಕ್ಕು ಎಲ್ಲರೂ ತಿಂದೆವು.

ಮರುದಿನ ಕಲ್ಲವ್ವ ಎರಡೂ ಕೈಯಿಂದ ಮಗಳ ಉಡಿ ತುಂಬಿದರು. ಕರೆಗೆ ಹೋಗಿದ್ದ ನಾನು ಸೋಬಾನೆ ಹಾಡುತ್ತಲೇ ಅತ್ತುಬಿಟ್ಟೆ, ಸಂತೋಷ ತಡೆಯಲಾಗಲಿಲ್ಲ.

ಅಕ್ಕಂದಿರೇ, ತಕ್ಕವರನ್ನು ಹೆದರದೆ ಸಂಜೆಗೇ ಕಳುಹಿಸಿ. ಆದರೆ ‘ಭಾರ ಎತ್ತಬೇಡಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನಾನು ಹಾಗೇ ಹೇಳಿದ್ದೆ. “ರೊಟ್ಟಿ ಏನ ಭಾರ ಐತೇನವಾ?” ಎಂದು ಕಲ್ಲವ್ವ ನನ್ನನ್ನೇ ಕೇಳಿದರು. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೆಂದು ಮೊದಲು ವಿಚಾರಿಸಿ, ಆಮೇಲೆ ಕಳುಹಿಸಿ.