ಉಡಿ ತುಂಬಿ ಕಳಿಸಿದ ಸಾರಂಗಗಳು

ಹಾವೇರಿ,
ರವಿವಾರ, 11-2-1996

ಚಿರಂಜೀವಿ ಸೌಭಾಗ್ಯವತಿ ಮಂಗಳಾಗೆ ನಿನ್ನ ಅವ್ವನ ಆಶೀರ್ವಾದಗಳು.

ನಿನ್ನ ಸೊಂಟನೋವು ಈಗ ಹೇಗಿದೆ? ನೆಲ ಒರೆಸುವುದನ್ನು ಕೆಲಸದವಳಿಗೆ ಬಿಡು ಎಂದು ಹೋದ ಸಲವೇ ಬರೆದಿದ್ದೆ. ಬಿಟ್ಟಿರುವುದಿಲ್ಲ, ನೀನು ಯಾರ ಮಗಳು ಎಂದು ನನಗೆ ಗೊತ್ತಿಲ್ಲವೆ? ಅಳಿಯಂದಿರಿಗೆ ನಿದ್ದೆ ಬರುತ್ತಿಲ್ಲ, ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆ ಎಂದು ಬರೆದಿದ್ದೀಯೆ. ಓದಿದಾಗಿನಿಂದ ನನಗೂ ಸಮಾಧಾನವಿಲ್ಲ. ಊಟದ ಹೊತ್ತಿನಲ್ಲಿ ಆಫೀಸಿನ ಮಾತು ತೆಗೆಯಬೇಡ. ಜೋಳದ ನುಚ್ಚು, ಮಜ್ಜಿಗೆ ಕೊಡು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರವಿಲ್ಲ ಎಂದು ಕೈಬಿಚ್ಚಿ ಹಾಕುವ ಚಟ ನಿನ್ನದು, ಅದನ್ನು ಸ್ವಲ್ಪ ದಿನ ನಿಲ್ಲಿಸು. ಇಲ್ಲಿ ನಾವು ಕ್ಷೇಮ. ನಿನ್ನ ಅಣ್ಣ ಹಾಲೇಶಪ್ಪನ ಟಯರ್ ಅಂಗಡಿ ನಡೆದಿದೆ. ನನ್ನ ಕಣ್ಣಿಗೆ ಪೊರೆ ಬಂದಿದೆಯೆಂದು ಡಾಕ್ಟರು ಹೇಳುತ್ತಾರೆ. ಕಾಗದ ಬರೆಯಲು ಮಾತ್ರ ಇನ್ನೂ ಯಾರ ಹಂಗೂ ಬೇಕಾಗಿಲ್ಲ.

ಅಳಿಯಂದಿರ ಕೇಳಿಕೆಗೆ ಉತ್ತರ ತಡವಾಯಿತು. ಎಸ್‌ಟಿಡಿ ಅಂಗಡಿಯಿಂದ ಫೋನ್ ಮಾಡು ಎಂದು ಹಾಲೇಶಪ್ಪ ಅಂದ. ಆ ಗಾಜಿನ ಪೆಟ್ಟಿಗೆಯಲ್ಲಿ ನಿಂತು ಮಾತಾಡಿದರೆ ಹೊರಗೆ ಸರದಿಯಲ್ಲಿ ನಿಂತವರೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಾರೆ. ನಮ್ಮ ಮನೆಯ ಮಾತು ಊರಿನ ಬಾಯಿಗೆ ಬೇಡ. ಅವರ ಕೇಳಿಕೆ ಏನೆಂದು ನನಗೆ ಸರಿಯಾಗಿ ತಿಳಿದಿದೆ: ಅವರು ಕೆಲಸ ಮಾಡುವ ಸಾರಂಗ ಕಾರಿನ ಕಂಪನಿ ತಾನು ಬಿಟ್ಟುಹೋದ ಊರುಗಳಿಗೆ ಮತ್ತೆ ಬರಲು ಹೊರಟಿದೆ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರಕ್ಕೂ ಮೊದಲಿನಂತೆ ನಮ್ಮ ಮನೆಯೇ ಏಜೆನ್ಸಿ ಹಿಡಿಯಬೇಕು, ಪಿ.ಬಿ. ರೋಡಿನ ಶೋರೂಮಿನ ಬಾಗಿಲು ನಾನೇ ತೆಗೆಯಬೇಕು. ಶಿವರಾತ್ರಿ ಮುಗಿದ ವಾರ ಕಂಪನಿಯ ದೊಡ್ಡವರು ನೋಡಲು ಬರುತ್ತಾರೆ. ಅವರ ಮನಸ್ಸಿಗೆ ಬಂದರೆ ಅಳಿಯಂದಿರು ಈ ಭಾಗಕ್ಕೆಲ್ಲ ಮುಖ್ಯಸ್ಥರಾಗುತ್ತಾರೆ. ಬರದಿದ್ದರೆ, ಆಫೀಸಿನಲ್ಲಿ ಅವರ ಸುತ್ತಲಿನ ಕುರ್ಚಿಗಳು ಖಾಲಿಯಾದಂತೆ ಅವರದೂ ಖಾಲಿಯಾಗಬಹುದು. ಇದನ್ನು ನೀನು ಬಿಡಿಸಿ ಬರೆಯಲಿಲ್ಲ, ನಾನೇ ತಿಳಿದುಕೊಂಡೆ. ಅಳಿಯನಿಗೆ ಇಲ್ಲ ಎನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನನ್ನ ಅತ್ತೆ ಅನ್ನಲಿಲ್ಲ, ಅವರ ಅತ್ತೆಯೂ ಅನ್ನಲಿಲ್ಲ.

ಆದರೆ ಆ ಕಾಲದ ಸಂಗತಿ ಅಳಿಯಂದಿರಿಗೆ ಗೊತ್ತಿಲ್ಲ, ನೀನೂ ಆಗ ಶಾಲೆಗೆ ಹೋಗುವವಳು. ಆದ್ದರಿಂದ ಬರೆಯುತ್ತೇನೆ. ನಿಮ್ಮ ಅಪ್ಪ ಶೋರೂಮು ನಡೆಸುತ್ತಿದ್ದಾಗ ಸಾರಂಗವನ್ನು ಕೀಲಿಕೈ ಕೊಟ್ಟು ಕಳಿಸಿಬಿಡುತ್ತಿರಲಿಲ್ಲ. ಕೊಂಡವನು ಹೆಂಡತಿಯನ್ನು ಕರೆದುಕೊಂಡು ಬರಬೇಕಾಗಿತ್ತು. ಆಕೆಯನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಕುಪ್ಪಸದ ಖಣ ಇಟ್ಟು ನಾನು ಉಡಿ ತುಂಬುತ್ತಿದ್ದೆ. ಅದೇ ಖಣದ ಅಂಚನ್ನು ಹರಿದು ಗಾಡಿಯ ಸ್ಟೇರಿಂಗಿಗೆ ಕಟ್ಟಿ, "ಮನಿ ಮಗಳನ್ನ ಕಳಸಾಕತ್ತೇನಿ, ಚಲೋತ್ನಂಗ ನೋಡಿಕೋರಿ" ಎನ್ನುತ್ತಿದ್ದೆ. ನಿಮ್ಮ ಅಪ್ಪ ಪಕ್ಕದಲ್ಲಿ ನಿಂತು, "ನಮಗ ಒಬ್ಬಾಕಿನ ಮಗಳು ಅಂತ ತಿಳದಿದ್ದೆ, ರೋಡ್ ತುಂಬ ಅದಾರಲ್ಲ!" ಎಂದು ನಗಿಸುತ್ತಿದ್ದರು. ಎಂಬತ್ನಾಲ್ಕರಲ್ಲಿ ಕಂಪನಿ ಈ ಭಾಗದಲ್ಲಿ ವ್ಯಾಪಾರ ಗಿಟ್ಟುವುದಿಲ್ಲವೆಂದು ಗಂಟುಮೂಟೆ ಕಟ್ಟಿತು. ಬಿಡಿಭಾಗ ಬರುವುದೂ ನಿಂತಿತು. ನಿಮ್ಮ ಅಪ್ಪ ಪುಣೆಗೆ ಹೋಗಿ ಕಂಪನಿಯ ದೊಡ್ಡ ಆಫೀಸಿನ ಬಾಗಿಲಲ್ಲಿ ಕುಳಿತು ಬಂದರು, ಒಳಗೆ ಯಾರೂ ಕರೆಯಲಿಲ್ಲ. ಆಮೇಲೆ ತೀರಿಕೊಳ್ಳುವ ತನಕ ಅವರು ಪಿ.ಬಿ. ರೋಡಿಗೆ ಹೋಗುವುದಿದ್ದರೆ ಮುಚ್ಚಿದ ಶೋರೂಮು ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಿಂದ ಹೋಗುತ್ತಿದ್ದರು. ಈಗ ದೊಡ್ಡ ಊರುಗಳಲ್ಲಿ ಪರದೇಶದ ಗಾಡಿಗಳು ಬಂದಿವೆ, ಸಾರಂಗವನ್ನು ಕೇಳುವವರಿಲ್ಲ, ಹಾಗಾಗಿ ನಾವು ನೆನಪಾಗಿದ್ದೇವೆ.

ಮಹಾನವಮಿಯ ಹೊತ್ತಿಗೆ ಕಂಪನಿಯ ಕಡೆಯವರು ಬಂದು ಹಳೆಯ ಸಾರಂಗಗಳನ್ನು ನೋಡಿಕೊಂಡು ಹೋದರಲ್ಲ, ಅವರ ವರದಿಯ ಮೇಲೆ ಅಳಿಯಂದಿರು ಇಷ್ಟು ದೊಡ್ಡ ಗೋಪುರ ಎಬ್ಬಿಸಿದ್ದಾರೆ. ಗಾಡಿಗಳೆಲ್ಲ ಮೊದಲು ಕೊಂಡವರ ಮನೆಯಲ್ಲೇ ಇವೆ, ಒಬ್ಬರೂ ಮಾರಿಲ್ಲ, ಇಂಥ ಪ್ರೀತಿ ದೇಶದಲ್ಲಿ ಎಲ್ಲೂ ಕಾಣಲಿಲ್ಲ ಎಂದು ಅದರಲ್ಲಿದೆಯಂತೆ. ಹೊಲ ನೋಡದೆ ಬಿತ್ತುವ ಮನೆತನ ನಮ್ಮದಲ್ಲ. ಹೋದ ಸೋಮವಾರ ಹಾಲೇಶಪ್ಪನನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಪೇಟೆಯ ದಿನ, ಯಾರ್ಡಿನ ತುಂಬ ಕೆಂಪು ರಾಶಿ. ಘಾಟಿಗೆ ಹಾಲೇಶಪ್ಪ ಸೀನಿ ಸೀನಿ ಸಾಕಾದ, ಹಮಾಲರು ನಕ್ಕರು. ಮೆಣಸಿನಕಾಯಿ ದಲ್ಲಾಳಿ ಮೈಲಾರೆಪ್ಪನ ಮನೆಯ ಹಿಂದೆ ತಗಡಿನ ಕೆಳಗೆ ನಮ್ಮ ಸಾರಂಗ ನಿಂತಿತ್ತು. ಮೈ ಫಳಫಳ, ಕನ್ನಡಿಗೆ ಚೆಂಡುಹೂವಿನ ಒಣಗಿದ ಮಾಲೆ. ನನಗೂ ಒಂದು ಕ್ಷಣ ಹಿಗ್ಗಾಯಿತು. ಹಾಲೇಶಪ್ಪ ಬಾನೆಟ್ ಎತ್ತಿದ. ಒಳಗೆ ಎಂಜಿನ್ನೇ ಇಲ್ಲ! ಅದಿರುವ ಜಾಗದಲ್ಲಿ ಖಾಲಿ ಚೀಲಗಳನ್ನು ಮಡಿಸಿ ಇಟ್ಟಿದ್ದರು. ರಿಪೇರಿಗೆಂದು ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದ ಎಂಜಿನ್ನು ಬಿಡಿಭಾಗ ಸಿಗದೆ ಅಲ್ಲೇ ಉಳಿಯಿತಂತೆ. ಮೈಲಾರೆಪ್ಪ ಹೇಳಿದ: "ನಿಮ್ಮ ಕಂಪನಿ ಮಂದಿ ಬಂದಿದ್ರು. ಗಾಡಿ ಮಾರತೀರೇನ್ರಿ ಅಂತ ಕೇಳಿದ್ರು. ಏ, ಮಾರಂಗಿಲ್ಲ ಬಿಡ್ರಿ ಅಂದೆ. ಭಾಳ ಖುಷಿ ಆಗಿ ಬರಕೊಂಡ್ರು. ಮಿರ್ಚಿ ಮಂಡಕ್ಕಿ ತಿಂದು ಹೋದ್ರು." ಯಾಕೆ ಮಾರುವುದಿಲ್ಲ ಎಂದು ಅವರು ಕೇಳಲಿಲ್ಲ, ನಾನು ಕೇಳಿದೆ. ಅವನ ಹೆಂಡತಿ ಕರಿಯವ್ವ ನನ್ನನ್ನೇ ದಿಟ್ಟಿಸಿ ನೋಡಿದಳು. "ಏನವ್ವಾರ, ನೀವ ಹಿಂಗ ಕೇಳತೀರಿ? ಉಡಿ ತುಂಬಿ ಕೊಟ್ಟದ್ದನ್ನ ಗುಜರಿಯವಗ ತೂಕಕ್ಕ ಹಾಕಾಕ ಬರತೈತೇನು? ನಮ್ಮ ಮನ್ಯಾಗ ನಾಳೆ ಹೆಣ್ಣು ಹುಟ್ಟಬ್ಯಾಡೇನು?" ಹೊಸ ಸಾರಂಗ ಬಂದರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಮೈಲಾರೆಪ್ಪ ಎರಡೂ ಕೈ ಮುಗಿದ: "ಒಮ್ಮೆ ಬೀಗರಾಗಿ ಸಾಕಾಗೈತ್ರಿ, ಅವ್ವಾರ!"

ಮರುದಿನ ರಾಣೇಬೆನ್ನೂರಿಗೆ ಹೋದೆ. ಫಕ್ಕೀರಸಾಬನ ನೆನಪಿದೆಯೆ? ಸಾರಂಗವನ್ನು ಟ್ಯಾಕ್ಸಿ ಮಾಡಿಕೊಂಡು ಕುಮಾರಪಟ್ಟಣದ ಕಾರ್ಖಾನೆಗೆ ಬರುವ ಸಾಹೇಬರನ್ನು ರೈಲ್ವೆ ಸ್ಟೇಷನ್ನಿನಿಂದ ಒಯ್ಯುತ್ತಿದ್ದ. ನಿನ್ನನ್ನೊಮ್ಮೆ ಹಿಂದಿನ ಸೀಟಿನಲ್ಲಿ ಕೂರಿಸಿ ಊರೆಲ್ಲ ಸುತ್ತಿಸಿದ್ದ. ಈಗ ಆ ಗಾಡಿ ಅವನ ಅಂಗಳದಲ್ಲಿ ಕಲ್ಲಿನ ಮೇಲೆ ಕುಳಿತಿದೆ, ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿವೆ. ಟ್ಯಾಕ್ಸಿಯ ಪರ್ಮಿಟ್ಟು ಇರುವುದು ಆ ಗಾಡಿಯ ಮೇಲೆ. ಅದನ್ನು ತೆಗೆದುಹಾಕದೆ ಆ ಪರ್ಮಿಟ್ಟಿಗೆ ಬೇರೆ ಗಾಡಿ ತರುವಂತಿಲ್ಲ. ಅವನು ತೆಗೆದುಹಾಕಲೂ ಇಲ್ಲ, ಅಂದಿನಿಂದ ಬೇರೆಯವರ ಜೀಪು ಓಡಿಸಿಕೊಂಡು ಬದುಕಿದ್ದಾನೆ. ಅವನ ಹೆಂಡತಿ ಸಕೀನಾಬಿಗೆ ನಾನು ಹಸಿರು ಬಳೆ ಇಡಿಸಿ, ಉಡಿಯಲ್ಲಿ ಖರ್ಜೂರವನ್ನೂ ಸೇರಿಸಿ ಕಳಿಸಿದ್ದೆ. ಆಕೆ ಕುಂದ್ರಿ ಎಂದು ಚಾಪೆ ಹಾಸಿದವಳು ನಿಂತೇ ಮಾತಾಡಿದಳು: "ತವರಮನಿ ಗಾಡಿ, ತೆಗ್ಯಂಗಿಲ್ಲ ಅಂತಾರ ಇವರು. ನಾ ಅಂತೇನಿ, ತವರಮನಿಯವರು ಇಷ್ಟು ವರ್ಷ ಒಂದಿನಾನೂ ಹೊಳ್ಳಿ ನೋಡಲಿಲ್ಲ, ನೀವ್ಯಾಕ ಅವರ ಮಾನ ಕಾಯಾಕತ್ತೀರಿ?" ಫಕ್ಕೀರಸಾಬ ಗಾಬರಿಯಾಗಿ, "ಏ, ಸುಮ್ನಿರ! ಅವ್ವಾರ, ಆಕಿ ಮಾತು ಮನಸ್ಸಿಗೆ ಹಚಗೋಬ್ಯಾಡ್ರಿ, ಚಾ ಕುಡೀರಿ" ಎಂದ. ಈ ಮಾತನ್ನು ನನ್ನ ಮುಖಕ್ಕೆ ಇದುವರೆಗೆ ಯಾರೂ ಅಂದಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆದರೂ ಚಹಾ ಕುಡಿದೆ. ಕುಡಿಯದೆ ಎದ್ದಿದ್ದರೆ ಮಾತು ತಾಗಿತು ಎಂದು ಆಕೆಗೆ ತಿಳಿಯುತ್ತಿತ್ತು. ಬಸ್ಸಿನಲ್ಲಿ ಹಾಲೇಶಪ್ಪ, "ಅವ್ವಾ, ಗಾಡಿ ಇಟ್ಟಾರ ಅಂದ್ರ ನಮ್ಮ ಹೆಸರ ಇಟ್ಟಾರ ಅಂದಂಗಲ್ಲೇನು? ಅಂಗಡಿ ತೆಗಿಯೂಣು" ಎಂದ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಐರಣಿಯ ಗೋಣೆಪ್ಪನ ಮನೆಗೂ, ನಮ್ಮೂರಲ್ಲಿ ಸಾರಂಗ ಇರುವವರ ಮನೆಗಳಿಗೂ ಹೋಗಿದ್ದೆ, ಅಲ್ಲಿಯೂ ಇದೇ ಕಥೆ.

ಈಗ ಗಮನವಿಟ್ಟು ಓದು. ಇವರಾರೂ ಕಂಪನಿಯ ಮೇಲಿನ ಪ್ರೀತಿಗೆ ಗಾಡಿ ಇಟ್ಟುಕೊಂಡವರಲ್ಲ. ಇವರು ಇಟ್ಟುಕೊಂಡದ್ದು ಉಡಿಯ ಅಂಜಿಕೆಗೆ, ನಮ್ಮ ಮನೆಯ ದಾಕ್ಷಿಣ್ಯಕ್ಕೆ. ಇದನ್ನು ಪ್ರೀತಿಯೆಂದು ನಂಬಿ ಕಂಪನಿ ಬಂದರೆ ಕೊಳ್ಳುವವರು ಸಿಗುವುದಿಲ್ಲ. ವರ್ಷ ತುಂಬುವುದರೊಳಗೆ ಮತ್ತೆ ಗಂಟುಮೂಟೆ ಕಟ್ಟುತ್ತದೆ. ಆಗ ಜನ ಆಡಿಕೊಳ್ಳುವುದು ಪುಣೆಯ ಸಾಹೇಬರನ್ನಲ್ಲ, ನಿನ್ನ ಗಂಡನನ್ನು ಮತ್ತು ನನ್ನನ್ನು. ಆದ್ದರಿಂದ ಅಳಿಯಂದಿರು ತಾವೇ ಮೇಲಿನವರ ಮುಂದೆ ಹೋಗಿ, ನಾವು ಕಳಿಸಿದವರು ಗಾಡಿ ನೋಡಿದರು, ಕಾರಣ ಕೇಳಲಿಲ್ಲ, ವರದಿ ತಪ್ಪಿದೆ ಎಂದು ಹೇಳಬೇಕು. ತಾನಾಗಿ ಹೇಳಿದವನನ್ನು ಬೈಯಬಹುದು, ನಾಳೆ ಅವನ ಮಾತನ್ನು ನಂಬುತ್ತಾರೆ. ಸಿಕ್ಕಿಬಿದ್ದವನ ಮಾತನ್ನು ಯಾರೂ ನಂಬುವುದಿಲ್ಲ. ಇದೆಲ್ಲ ತಿಳಿದ ಮೇಲೂ ಕಂಪನಿಗೆ ಬರುವ ಮನಸ್ಸಿದ್ದರೆ ಮೊದಲು ದುರಸ್ತಿಯ ಶೆಡ್ಡು, ಬಿಡಿಭಾಗದ ಅಂಗಡಿ ಹಾಕಲಿ. ಮಾರುವ ಮಾತು ಆಮೇಲೆ. ಆಗ ಶೋರೂಮಿನ ಬಾಗಿಲನ್ನು ನಾನೇ ತೆಗೆಯುತ್ತೇನೆ. ಅಳಿಯಂದಿರಿಗೆ ಸಿಟ್ಟು ಬರುತ್ತದೆ. ನಿನ್ನ ತಾಯಿ ಹೀಗೆ ಮಾಡಿದಳು ಎಂದು ನಾಲ್ಕು ದಿನ ನಿನ್ನ ಕೂಡ ಮಾತು ಬಿಡಬಹುದು. ಅಳಬೇಡ, ನನ್ನ ಪರವಾಗಿ ವಾದಿಸಲೂ ಬೇಡ. ಕೆಲಸಕ್ಕೇ ಕುತ್ತು ಬಂದರೆ ಪಿ.ಬಿ. ರೋಡಿನ ಆ ಜಾಗವನ್ನು ನಿನ್ನ ಹೆಸರಿಗೆ ಮಾಡಿಸುತ್ತೇನೆ, ಹಾಲೇಶಪ್ಪ ಒಪ್ಪಲಿ ಬಿಡಲಿ. ಅಲ್ಲಿ ಅಳಿಯಂದಿರು ತಮಗೆ ಬೇಕಾದ ವ್ಯಾಪಾರ ಮಾಡಲಿ. ಮಾವನ ಮನೆಯ ಋಣ ಎಂದು ಅವರು ಮುಖ ತಿರುಗಿಸಿದರೆ, ಅದು ಹೆಂಡತಿಯ ಆಸ್ತಿ, ಅದರಲ್ಲಿ ಋಣದ ಮಾತೇ ಇಲ್ಲ ಎಂದು ಹೇಳು.

ಅಳಿಯಂದಿರಿಗೆ ನನ್ನ ಶುಭಾಶೀರ್ವಾದ. ಹಾಲೇಶಪ್ಪ ನಿಮ್ಮಿಬ್ಬರನ್ನೂ ಕೇಳಿದ್ದಾನೆ. ನಿನ್ನ ಕುಂಕುಮ, ಬಳೆ ತಣ್ಣಗಿರಲಿ.

ನಿನ್ನ ಅವ್ವ,
ದೇವವ್ವ

ತಾ.ಕ.: ಇದನ್ನೋದಿ ಅಳಿಯಂದಿರು, ಶಿವರಾತ್ರಿ ಕಳೆಯಲಿ, ದೊಡ್ಡವರು ಒಮ್ಮೆ ನೋಡಿ ಹೋಗಲಿ, ಆಮೇಲೆ ಹೇಳೋಣ ಎಂದಾರು. ಆಗುವುದಿಲ್ಲ. ಶುಕ್ರವಾರ, ಶನಿವಾರ ನಾನೊಬ್ಬಳೇ ಮತ್ತೆ ಎಲ್ಲ ಕಡೆ ಹೋಗಿ ಬಂದೆ. ಹಾಲೇಶಪ್ಪನಿಗೆ ತಿಳಿಸಿಲ್ಲ. ಈಗ ನಾನು ಉಡಿ ತುಂಬುವ ಹಾಗಿಲ್ಲ, ಬಿಡಿಸುವ ಹಕ್ಕು ಇನ್ನೂ ನನ್ನದೇ. ಸ್ಟೇರಿಂಗಿನ ಖಣವನ್ನು ಕೈಯಾರೆ ಬಿಚ್ಚಿ, "ಮಗಳು ನಮ್ಮ ಮನಿಗೆ ಬಂದ್ಲು. ಇನ್ನ ಇದು ಬರೇ ಕಬ್ಬಣ, ಏನರೆ ಮಾಡ್ರಿ" ಎಂದೆ. ಕರಿಯವ್ವ ಅತ್ತಳು. ಸಕೀನಾಬಿ ಅಳಲಿಲ್ಲ, ಆಗಲೇ ಹೋಗಿ ಕೋಳಿಗಳನ್ನು ಇಳಿಸಿದಳು. ಹುಬ್ಬಳ್ಳಿಯ ಗುಜರಿ ಲಾರಿ ನಾಳೆ ಬರುತ್ತದೆ. ಹಬ್ಬದೊಳಗೆ ನಮ್ಮ ಮೂರು ಊರಿನಲ್ಲಿ ಒಂದು ಸಾರಂಗವೂ ಉಳಿಯುವುದಿಲ್ಲ. ಅಳಿಯಂದಿರಿಗೆ ನಾನು ಇಲ್ಲ ಅಂದಿಲ್ಲ. ಬಂದ ದೊಡ್ಡವರಿಗೆ ತೋರಿಸಲು ಏನೂ ಇರುವುದಿಲ್ಲ, ಅಷ್ಟೆ. ಅದಕ್ಕೇ ಈ ಕಾಗದ ಮುಟ್ಟಿದ ದಿನವೇ ಅವರ ಕೈಗೆ ಕೊಡು. ಊಟ ಆದ ಮೇಲೆ.